ಪುಟ್ಟ ರೇಂಜ್‌ಫೈಂಡರ್ ಕ್ಯಾಮೆರಾ: ಪ್ರಯಾಣ ಮತ್ತು ದಿನನಿತ್ಯದ ಛಾಯಾಗ್ರಹಣ

ರೇಂಜ್‌ಫೈಂಡರ್ ಕ್ಯಾಮೆರಾ: ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ತನ್ನೊಳಗಿನ ದೂರಮಾಪಕದಿಂದ ಅಳೆದು, ಅದೇ ದೂರಕ್ಕೆ ಲೆನ್ಸನ್ನು ಹೊಂದಿಸಿಕೊಳ್ಳುವ ಕ್ಯಾಮೆರಾ. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಪತ್ರಿಕಾ ಛಾಯಾಗ್ರಾಹಕರೂ ಪ್ರವಾಸಿಗರೂ ಮನೆಮಂದಿಯೂ ಬಳಸಿದ ಮುಖ್ಯ ಬಗೆಗಳಲ್ಲಿ ಇದೊಂದು. ಇದರಲ್ಲಿಯೇ ಚಿಕ್ಕದಾದ, 35 ಎಂಎಂ ಫಿಲ್ಮ್ ಬಳಸುವ, ಕೋಟಿನ ಜೇಬಿನಲ್ಲೋ ಹೆಗಲ ಚೀಲದಲ್ಲೋ ಹಿಡಿಸುವ ಕ್ಯಾಮೆರಾಗಳು ಈ ಲೇಖನದ ವಿಷಯ. ಸ್ಟುಡಿಯೊದ ಸ್ಟ್ಯಾಂಡಿನ ಮೇಲಿದ್ದ ಛಾಯಾಗ್ರಹಣವನ್ನು ಬೀದಿಗೆ, ಬಸ್ಸಿಗೆ, ಅಡುಗೆಮನೆಗೆ ಇಳಿಸಿದವುಗಳಲ್ಲಿ ಇವಕ್ಕೆ ಮೊದಲ ಸಾಲಿನ ಸ್ಥಾನವಿದೆ.

ಕೆಲಸ ಮಾಡುವ ಬಗೆ

ತೋಳು ಚಾಚಿ ಒಂದು ಬೆರಳನ್ನು ಎತ್ತಿಹಿಡಿದು, ಒಮ್ಮೆ ಎಡಗಣ್ಣು ಒಮ್ಮೆ ಬಲಗಣ್ಣು ಮುಚ್ಚಿ ನೋಡಿದರೆ ಹಿಂದಿನ ಗೋಡೆಯ ಮೇಲೆ ಬೆರಳು ಆಚೆಗೀಚೆಗೆ ಜಿಗಿಯುತ್ತದೆ. ಬೆರಳು ಹತ್ತಿರ ಬಂದಷ್ಟೂ ಜಿಗಿತ ದೊಡ್ಡದು. ದೂರಮಾಪಕದ ತತ್ವ ಇಷ್ಟೇ. ಕ್ಯಾಮೆರಾದ ಮುಂಭಾಗದಲ್ಲಿ ಅಂತರಬಿಟ್ಟು ಎರಡು ಕಿಟಕಿಗಳಿರುತ್ತವೆ. ದೊಡ್ಡ ಕಿಟಕಿಯ, ಅಂದರೆ ವ್ಯೂಫೈಂಡರಿನ ಮೂಲಕ ನಾವು ನೇರವಾಗಿ ನೋಡುತ್ತೇವೆ. ಚಿಕ್ಕ ಕಿಟಕಿಯಿಂದ ಬಂದ ಬಿಂಬವು ಕನ್ನಡಿ ಅಥವಾ ಪಟ್ಟಕದ ಮೂಲಕ ಹಾದು, ಅರೆಪಾರದರ್ಶಕ ಕನ್ನಡಿಯೊಂದರ ಮೇಲೆ ಬಿದ್ದು, ನಮ್ಮ ನೋಟದ ನಡುವೆ ಒಂದು ಪುಟ್ಟ ಚೌಕವಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಚೌಕದೊಳಗಿನ ಬಿಂಬ ಸರಿಯುತ್ತದೆ. ಎರಡಾಗಿದ್ದ ಮುಖ ಒಂದಾದಾಗ ಫೋಕಸ್ ಸರಿಯಾಯಿತೆಂದು ತಿಳಿಯಬೇಕು. ಬಾಗಿಲ ಚೌಕಟ್ಟು, ಸೀರೆಯ ಅಂಚು, ಕನ್ನಡಕದ ಬದಿ ಹೀಗೆ ನೆಟ್ಟಗಿನ ಗೆರೆ ಸಿಕ್ಕರೆ ಹೊಂದಿಸುವುದು ಸಲೀಸು. ಬರಿಯ ಬಿಳಿಗೋಡೆ ಎದುರಿದ್ದರೆ ಕಣ್ಣಿಗೆ ಹಿಡಿತ ಸಿಗುವುದಿಲ್ಲ.

ಎರಡು ಕಿಟಕಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಅಳತೆ ನಿಖರ. ಆ ಅಂತರವನ್ನು ವ್ಯೂಫೈಂಡರಿನ ವರ್ಧನೆಯಿಂದ ಗುಣಿಸಿದರೆ ಸಿಗುವುದು ದೂರಮಾಪಕದ ನಿಜವಾದ ಬಲ. ಜರ್ಮನಿಯ ಲೈಟ್ಸ್ ಕಂಪನಿಯ 1954ರ ಲೈಕಾ ಎಂ3ರಲ್ಲಿ ಅಂತರ 68.5 ಮಿ.ಮೀ., ವರ್ಧನೆ 0.91, ಗುಣಲಬ್ಧ ಸುಮಾರು 62. ಅದೇ ಕಂಪನಿ ಜಪಾನಿನ ಮಿನೋಲ್ಟಾ ಜೊತೆ ಸೇರಿ 1973ರಲ್ಲಿ ತಂದ ಪುಟ್ಟ ಲೈಕಾ ಸಿಎಲ್‌ನಲ್ಲಿ ಇದು 19ಕ್ಕಿಂತ ತುಸು ಕಡಿಮೆ. ಕ್ಯಾಮೆರಾ ಕುಗ್ಗಿದರೆ ಅಳತೆಗೋಲೂ ಕುಗ್ಗುತ್ತದೆ ಎಂಬುದು ಈ ಬಗೆಯ ಮೂಲ ಇಕ್ಕಟ್ಟು. ಪುಟ್ಟ ಕ್ಯಾಮೆರಾಗಳಲ್ಲಿ 35ರಿಂದ 45 ಎಂಎಂ ಲೆನ್ಸುಗಳನ್ನೇ ಕೂರಿಸಿದ್ದಕ್ಕೆ ಇದೂ ಒಂದು ಕಾರಣ. ಅಂಥ ಲೆನ್ಸಿಗೆ ಅಷ್ಟು ಅಳತೆ ಸಾಕು.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ಇಲ್ಲಿ ಪಕ್ಕದ ಕಿಟಕಿಯಿಂದ. ಉಳಿದ ಗುಣದೋಷಗಳೆಲ್ಲ ಇದರಿಂದಲೇ ಹುಟ್ಟಿದವು. ಏಳುವ ಬೀಳುವ ಕನ್ನಡಿ ಇಲ್ಲದ್ದರಿಂದ ಸದ್ದು ಕಡಿಮೆ, ಅದುರು ಕಡಿಮೆ, ಗುಂಡಿ ಒತ್ತಿದ ಗಳಿಗೆಯಲ್ಲಿ ನೋಟ ಕಪ್ಪಾಗುವುದೂ ಇಲ್ಲ. ಕನ್ನಡಿಗೆ ಜಾಗ ಬಿಡಬೇಕಿಲ್ಲವಾದ್ದರಿಂದ ಲೆನ್ಸನ್ನು ಫಿಲ್ಮಿನ ತೀರ ಸಮೀಪ ಕೂರಿಸಬಹುದು; ಹಾಗಾಗಿ ಲೆನ್ಸುಗಳು ಚಿಕ್ಕವು. ಎಲ್ಲಕ್ಕಿಂತ ಮುಖ್ಯವಾದದ್ದು, ವ್ಯೂಫೈಂಡರಿನಲ್ಲಿ ಚಿತ್ರದ ಎಲ್ಲೆಯನ್ನು ತೋರಿಸುವ ಬೆಳಕಿನ ಗೆರೆಯ ಆಚೆಗೂ ಒಂದಿಷ್ಟು ಜಗತ್ತು ಕಾಣುತ್ತಿರುತ್ತದೆ. ಸೈಕಲ್ಲೊಂದು ಬಲಗಡೆಯಿಂದ ಚೌಕಟ್ಟಿನೊಳಗೆ ಬರುವ ಮೊದಲೇ ಅದು ಬರುತ್ತಿದೆ ಎಂದು ಗೊತ್ತಾಗುತ್ತದೆ. ಬೀದಿಯಲ್ಲಿ ಚಿತ್ರ ತೆಗೆಯುವವರಿಗೆ ಈ ಅರೆಕ್ಷಣದ ಮುನ್ಸೂಚನೆ ಬಹಳ ದೊಡ್ಡದು. ಈ ಕ್ಯಾಮೆರಾದ ನಿಜವಾದ ಹಿರಿಮೆ ಇದೇ ಎಂದು ಈ ಲೇಖಕನ ಅಭಿಪ್ರಾಯ. ಲೆನ್ಸಿನ ಹೊಳಪಿನ ಬಗ್ಗೆ ನಡೆಯುವ ಚರ್ಚೆಗಳು ಆಮೇಲಿನವು.

ದೋಷಗಳೂ ಸಣ್ಣವಲ್ಲ. ಕಣ್ಣು ನೋಡುವ ಜಾಗ ಬೇರೆ, ಲೆನ್ಸು ನೋಡುವ ಜಾಗ ಬೇರೆ ಆದ್ದರಿಂದ ಸಮೀಪದ ಚಿತ್ರಗಳಲ್ಲಿ ತಲೆ ಕತ್ತರಿಸಿಹೋಗುವ ಅಪಾಯವಿದೆ. ಒಳ್ಳೆಯ ಮಾದರಿಗಳಲ್ಲಿ ಬೆಳಕಿನ ಗೆರೆ ತಾನೇ ಸರಿದು ಇದನ್ನು ಸರಿಪಡಿಸುತ್ತದೆ. ಸಾಮಾನ್ಯವಾಗಿ 70ರಿಂದ 100 ಸೆಂ.ಮೀ.ಗಿಂತ ಹತ್ತಿರ ಹೋಗಲಾಗದು. ಹೂವಿನ ಕೇಸರ ಇದಕ್ಕೆ ದಕ್ಕುವುದಿಲ್ಲ. ದೂರದ್ದನ್ನು ಸೆಳೆಯುವ ಉದ್ದ ಲೆನ್ಸುಗಳೂ 135 ಎಂಎಂ ದಾಟಿದರೆ ಹೊಂದುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರಂತೆ ಹಕ್ಕಿಗಳ ಹಿಂದೆ ಕಾಡು ಅಲೆಯುವವರ ಉಪಕರಣ ಇದಲ್ಲ. ಲೆನ್ಸಿನ ಮುಚ್ಚಳ ತೆಗೆಯದೆ ಇಡೀ ರೀಲು ಹೊಡೆದರೂ ವ್ಯೂಫೈಂಡರಿನಲ್ಲಿ ಎಲ್ಲವೂ ನಿಚ್ಚಳವಾಗಿಯೇ ಕಾಣುತ್ತಿರುತ್ತದೆ ಎಂಬುದನ್ನು ಹೊಸಬರು ಮೊದಲ ದಿನವೇ ತಿಳಿದಿರಬೇಕು.

ಚರಿತ್ರೆ

ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಾರ್ಖಾನೆ ಸೂಕ್ಷ್ಮದರ್ಶಕಗಳಿಗೆ ಹೆಸರಾದದ್ದು. ಅಲ್ಲಿನ ಕುಶಲಕರ್ಮಿ ಆಸ್ಕರ್ ಬಾರ್ನಾಕ್ ಆಸ್ತಮಾ ರೋಗಿ. ಗಾಜಿನ ಫಲಕಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವನಿಗೆ ಕಷ್ಟವಾಗಿತ್ತು. ಸಿನಿಮಾ ಫಿಲ್ಮಿನ 18×24 ಮಿ.ಮೀ. ಚೌಕಟ್ಟನ್ನು ಅಡ್ಡ ತಿರುಗಿಸಿ ಇಮ್ಮಡಿಗೊಳಿಸಿ 24×36 ಮಾಡಿದ್ದು, 1913-14ರಲ್ಲಿ ಅಂಗೈಗೆ ಹಿಡಿಸುವ ಒಂದು ಕ್ಯಾಮೆರಾ ಕಟ್ಟಿದ್ದು ಅವನೇ. 1920ರಲ್ಲಿ ವೆಟ್ಸ್ಲಾರ್‌ಗೆ ನೆರೆ ಬಂದಾಗ ನೀರು ತುಂಬಿದ ಬೀದಿಗಳನ್ನು ಅದರಲ್ಲೇ ಸೆರೆಹಿಡಿದ. ತನ್ನೂರಿನ ಒಂದು ದಿನವನ್ನು ಜೇಬಿನ ಕ್ಯಾಮೆರಾದಲ್ಲಿ ದಾಖಲಿಸಿದ ಮೊದಮೊದಲ ಉದಾಹರಣೆಗಳಲ್ಲಿ ಅದೊಂದು. 1925ರಲ್ಲಿ ಲೈಪ್‌ಸಿಗ್ ವಸಂತ ಮೇಳದಲ್ಲಿ ಈ ಕ್ಯಾಮೆರಾ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮಾಕ್ಸ್ ಬೆರೆಕ್ ವಿನ್ಯಾಸ ಮಾಡಿದ ಅದರ 50 ಎಂಎಂ ಲೆನ್ಸು ಒಳಗೆ ಮಡಚಿಕೊಳ್ಳುತ್ತಿತ್ತು.

ಆದರೆ ಮೊದಲ ಲೈಕಾದೊಳಗೆ ದೂರಮಾಪಕ ಇರಲಿಲ್ಲ. ದೂರವನ್ನು ಅಂದಾಜು ಮಾಡಬೇಕಿತ್ತು, ಇಲ್ಲವೇ ಮೇಲೆ ಸಿಕ್ಕಿಸುವ ಬೇರೆ ದೂರಮಾಪಕದಿಂದ ಅಳೆದು ಆ ಅಂಕಿಯನ್ನು ಲೆನ್ಸಿಗೆ ಹಾಕಬೇಕಿತ್ತು. ಲೆನ್ಸಿಗೆ ಜೋಡಿಸಿದ ದೂರಮಾಪಕವನ್ನು ಕೊಡಕ್ ಕಂಪನಿ 1916ರಲ್ಲೇ ತನ್ನ ದೊಡ್ಡ ಮಡಚುವ ಕ್ಯಾಮೆರಾವೊಂದರಲ್ಲಿ ತಂದಿತ್ತು. ಅದು 35 ಎಂಎಂ ಕ್ಯಾಮೆರಾಕ್ಕೆ ಇಳಿದದ್ದು 1932ರಲ್ಲಿ, ಲೈಕಾ 2 ಮತ್ತು ಝೈಸ್ ಇಕಾನ್‌ನ ಕಾಂಟ್ಯಾಕ್ಸ್ ಒಂದೇ ವರ್ಷ ಬಂದಾಗ. ನೋಡುವ ಕಿಟಕಿ, ಅಳೆಯುವ ಕಿಟಕಿ ಎರಡನ್ನೂ ಒಂದಾಗಿಸಿದ್ದು 1936ರ ಕಾಂಟ್ಯಾಕ್ಸ್ 2. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು ನಾರ್ಮಂಡಿ ತೀರದಲ್ಲಿ ಇಳಿದ 1944ರ ಜೂನ್ 6ರಂದು ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ ಕೈಯಲ್ಲಿದ್ದದ್ದು ಕಾಂಟ್ಯಾಕ್ಸ್.

ಸೋವಿಯತ್ ದೇಶದಲ್ಲಿ 1934ರಿಂದ ಖಾರ್ಕೋವ್‌ನಲ್ಲಿ ಲೈಕಾದ ನಕಲು 'ಫೆಡ್' ತಯಾರಾಯಿತು. ಯುದ್ಧಾನಂತರ ಕಾಂಟ್ಯಾಕ್ಸ್‌ನ ಯಂತ್ರೋಪಕರಣ ಕೀವ್ ಸೇರಿ 'ಕೀವ್' ಎಂಬ ಕ್ಯಾಮೆರಾ ಹುಟ್ಟಿತು. ಜಪಾನಿನಲ್ಲೂ ಆರಂಭ ಇದೇ ಅನುಕರಣೆಯಿಂದ. 1934ರಲ್ಲಿ ಅಲ್ಲಿ ರೂಪಿಸಿದ ಒಂದು ಮಾದರಿಗೆ 'ಕ್ವಾನನ್' ಎಂದು ಹೆಸರಿಟ್ಟರು. ಬೌದ್ಧರ ಅವಲೋಕಿತೇಶ್ವರನೇ ಜಪಾನಿನ ಕಣ್ಣೋನ್. ಲೋಕವನ್ನು ಕರುಣೆಯಿಂದ ನೋಡುವವನ ಹೆಸರಿಗಿಂತ ಚೆನ್ನಾಗಿ ಕ್ಯಾಮೆರಾಕ್ಕೆ ಒಪ್ಪುವ ಹೆಸರು ಸಿಗುವುದು ಕಷ್ಟ. ಆ ಹೆಸರೇ ಮುಂದೆ ಕ್ಯಾನನ್ ಆಯಿತು. 1950ರಲ್ಲಿ ಅಮೆರಿಕದ ಡೇವಿಡ್ ಡಗ್ಲಸ್ ಡಂಕನ್ ಕೊರಿಯಾ ಯುದ್ಧದ ಚಿತ್ರಗಳಿಗೆ ನಿಕಾನ್ ಲೆನ್ಸು ಬಳಸಿದ ಮೇಲೆ ಪಶ್ಚಿಮದವರ ಕಣ್ಣು ಜಪಾನಿನತ್ತ ತಿರುಗಿತು.

1954ರ ಲೈಕಾ ಎಂ3 ಎಷ್ಟು ಪರಿಪೂರ್ಣವಾಗಿತ್ತೆಂದರೆ ಅದರೊಡನೆ ಅದೇ ಕಣದಲ್ಲಿ ಸೆಣಸುವುದಕ್ಕಿಂತ ಬೇರೆ ದಾರಿ ಹಿಡಿಯುವುದು ಜಪಾನಿಗರಿಗೆ ಜಾಣತನವಾಗಿ ಕಂಡಿತು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ವೃತ್ತಿಪರರು ಎಸ್‌ಎಲ್‌ಆರ್ ಕಡೆಗೆ ಹೊರಳಿದರು. ದೂರಮಾಪಕದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದು ಮನೆಗಳಿಗೆ ಬಂತು.

ಮನೆಮಂದಿಯ ಕ್ಯಾಮೆರಾಗಳು

1961ರಿಂದ 1980ರ ದಶಕದ ಆರಂಭದವರೆಗಿನ ಎರಡು ದಶಕ ಲೆನ್ಸು ಬದಲಿಸಲಾಗದ ಪುಟ್ಟ ರೇಂಜ್‌ಫೈಂಡರುಗಳ ಸುಗ್ಗಿ. 1961ರ ಕ್ಯಾನನೆಟ್‌ಗೆ ಎಫ್/1.9ರ 45 ಎಂಎಂ ಲೆನ್ಸಿತ್ತು. ಶಟರ್ ವೇಗ ಹಾಕಿಕೊಟ್ಟರೆ ಬೆಳಕು ಅಳೆದು ಅಪರ್ಚರನ್ನು ಅದೇ ಆರಿಸುತ್ತಿತ್ತು. ಈ ಕುಟುಂಬದ ಹೆಸರಾಂತ ಕುಡಿ 1972ರ ಕ್ಯಾನನೆಟ್ ಕ್ಯೂಎಲ್17 ಜಿ-3. ಹೆಸರಿನಲ್ಲಿರುವ 17 ಎಂದರೆ ಎಫ್/1.7, ಕ್ಯೂಎಲ್ ಎಂದರೆ ರೀಲನ್ನು ಬೇಗ ಕೂರಿಸುವ ಏರ್ಪಾಡು. ಬ್ಯಾಟರಿ ಮುಗಿದರೂ ಎಲ್ಲ ವೇಗಗಳಲ್ಲೂ ಕೈಯಾರೆ ಕೆಲಸ ಮಾಡುತ್ತದೆ ಎಂಬುದು ಪ್ರಯಾಣಿಕರಿಗೆ ಇದರ ದೊಡ್ಡ ಉಪಕಾರ.

ಯಾಶಿಕಾ ಎಲೆಕ್ಟ್ರೊ 35 (1966) ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ನಾವು ಅಪರ್ಚರ್ ಆರಿಸಬೇಕು. ವೇಗವನ್ನು ವಿದ್ಯುನ್ಮಾನ ಶಟರ್ ಗೊತ್ತುಮಾಡುತ್ತದೆ, ಅಗತ್ಯ ಬಿದ್ದರೆ 30 ಸೆಕೆಂಡಿನವರೆಗೂ ತೆರೆದಿರುತ್ತದೆ. ಹಳದಿ ದೀಪ ಹೊತ್ತಿದರೆ ಬೆಳಕು ಕಡಿಮೆ, ಕ್ಯಾಮೆರಾವನ್ನು ಗೋಡೆಗೋ ಕಂಬಕ್ಕೋ ಆನಿಸಬೇಕು. ಕೆಂಪು ದೀಪವೆಂದರೆ ಬೆಳಕು ಅತಿಯಾಯಿತು. ದೀಪಾವಳಿಯ ಹಣತೆಯ ಬೆಳಕಿನಲ್ಲೂ ಮನೆಯವರ ಮುಖ ಮೂಡಿಸಬಲ್ಲ ಕ್ಯಾಮೆರಾ ಸಾಮಾನ್ಯರ ಕೈಗೆ ಬಂದದ್ದು ಹೀಗೆ. ಅದರ ಎಫ್/1.7 ಲೆನ್ಸಿನ ಚಿತ್ರಗಳು ಇಂದಿಗೂ ಮೆಚ್ಚುಗೆ ಗಳಿಸುತ್ತವೆ. ಬ್ಯಾಟರಿ ಇಲ್ಲದಿದ್ದರೆ ಮಾತ್ರ 1/500 ಸೆಕೆಂಡ್ ಬಿಟ್ಟು ಬೇರೇನೂ ನಡೆಯದು.

ಈ ಸಾಲಿನಲ್ಲಿ ಅತ್ಯಂತ ಜಾಣ ವಿನ್ಯಾಸ ಯಾವುದೆಂದರೆ 1979ರ ಒಲಿಂಪಸ್ ಎಕ್ಸ್‌ಎ. ವಿನ್ಯಾಸಕಾರ ಯೋಶಿಹಿಸಾ ಮೈತಾನಿ. ತೂಕ ಸುಮಾರು 225 ಗ್ರಾಂ, ಅಂದರೆ ಕಾಲು ಕಿಲೊಗಿಂತ ಕಡಿಮೆ. ಇಷ್ಟರೊಳಗೆ 35 ಎಂಎಂ ಎಫ್/2.8 ಲೆನ್ಸು, ನಿಜವಾದ ದೂರಮಾಪಕ, ಬೆಳಕಳತೆ ಎಲ್ಲವೂ ಇವೆ. ಚೀಲವಿಲ್ಲ, ಪ್ರತ್ಯೇಕ ಮುಚ್ಚಳವೂ ಇಲ್ಲ; ಮುಂದಿನ ಜಾರುಬಾಗಿಲೇ ಮುಚ್ಚಳ. ಅದು ಮುಚ್ಚಿದ್ದರೆ ವ್ಯೂಫೈಂಡರಿನಲ್ಲಿ ಏನೂ ಕಾಣುವುದಿಲ್ಲ, ಗುಂಡಿಯೂ ಒತ್ತಲಾಗದು. ಮುಚ್ಚಳ ಮರೆತು ರೀಲು ಕಳೆದುಕೊಳ್ಳುವ ಹಳೆಯ ಕಾಟವನ್ನು ಮೈತಾನಿ ಹೀಗೆ ಬುಡಸಮೇತ ಕಿತ್ತರು. ಲೆನ್ಸಿನ ಅಂಕಿಗಳಲ್ಲಿ 3 ಮೀಟರಿಗೂ ಎಫ್/5.6ಕ್ಕೂ ಕಿತ್ತಳೆ ಬಣ್ಣ ಬಳಿದಿದೆ: ಎರಡೂ ಸನ್ನೆಗಳನ್ನು ಕಿತ್ತಳೆಗೆ ತಂದಿಟ್ಟರೆ ಸುಮಾರು 2ರಿಂದ 5 ಮೀಟರ್ ನಡುವಿನದೆಲ್ಲ ಸ್ಪಷ್ಟ. ಆಮೇಲೆ ನೋಡುವುದಷ್ಟೇ ಕೆಲಸ.

ಅಷ್ಟರಲ್ಲಿ ಈ ಯುಗದ ಕೊನೆಯೂ ಹತ್ತಿರವಾಗಿತ್ತು. 1977ರಲ್ಲಿ ತಾನೇ ಫೋಕಸ್ ಮಾಡಿಕೊಳ್ಳುವ ಕೊನಿಕಾ ಸಿ35 ಎಎಫ್ ಬಂತು. ಎರಡು ಬಿಂಬ ಹೊಂದಿಸುವ ಶ್ರಮ ಮನೆಮಂದಿಗೆ ಬೇಡವಾಯಿತು.

ಭಾರತದಲ್ಲಿ ಆಮದು ನಿರ್ಬಂಧಗಳಿದ್ದ ಕಾಲದಲ್ಲಿ ಇವು ಸುಲಭವಾಗಿ ಸಿಗುತ್ತಿರಲಿಲ್ಲ. ಸಾಮಾನ್ಯರ ಮನೆಗಳಲ್ಲಿದ್ದದ್ದು ಅಗ್ಫಾ ಕ್ಲಿಕ್ 3ರಂಥ ಸರಳ ಪೆಟ್ಟಿಗೆಗಳು. ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಟೇಪ್‌ರೆಕಾರ್ಡರಿನ ಜೊತೆ ತರುತ್ತಿದ್ದ ಸಾಮಾನುಗಳಲ್ಲಿ ಜಪಾನಿನ ಕ್ಯಾಮೆರಾವೂ ಇರುತ್ತಿತ್ತು. ಕರಾವಳಿಯ ಎಷ್ಟೋ ಮನೆಗಳ ಮದುವೆ, ನಾಮಕರಣದ ಬಣ್ಣದ ಚಿತ್ರಗಳ ಹಿಂದೆ ಇಂಥ ಕ್ಯಾಮೆರಾಗಳಿವೆ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಕಪ್ಪುಬಿಳುಪು ಫಿಲ್ಮು ದೇಶದ ಉದ್ದಗಲಕ್ಕೂ ಬಳಕೆಯಲ್ಲಿತ್ತು. ಒಂದು ರೀಲಿಗೆ 36 ಚಿತ್ರ, ತೊಳೆಸಲು ಪೇಟೆಯ ಸ್ಟುಡಿಯೊಗೆ ಹೋಗಬೇಕು. ಹಾಗಾಗಿ ಒಂದೇ ರೀಲಿನಲ್ಲಿ ಯುಗಾದಿಯೂ ಗಣೇಶ ಚೌತಿಯೂ ಸೇರಿಕೊಳ್ಳುತ್ತಿದ್ದವು.

ಬಳಸಿದವರು

ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸ್ಸನ್ 1932ರಲ್ಲಿ ಮಾರ್ಸೇಲ್ಸ್‌ನಲ್ಲಿ ಲೈಕಾ ಕೊಂಡರು. ಹೊಳೆಯುವ ಲೋಹದ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿ, 50 ಎಂಎಂ ಲೆನ್ಸಿನೊಂದಿಗೆ ಬದುಕಿನ ಬಹುಪಾಲು ಕೆಲಸ ಮುಗಿಸಿದರು. ಅದೇ ವರ್ಷ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ನೀರಿನ ಹೊಂಡದ ಮೇಲೆ ಹಾರುತ್ತಿರುವ ಮನುಷ್ಯನ ಚಿತ್ರ ತೆಗೆದದ್ದು ಹಲಗೆ ಬೇಲಿಯ ಸಂದಿಯಿಂದ. ಸಂದಿ ಲೆನ್ಸಿಗೆ ಪೂರ್ತಿ ಸಾಲದೆ ಚಿತ್ರದ ಎಡಭಾಗವನ್ನು ಕತ್ತರಿಸಬೇಕಾಯಿತು. ಭಾರತಕ್ಕೆ ಬಂದ ಅವರು 1948ರ ಜನವರಿ 30ರಂದು, ಗಾಂಧೀಜಿಯ ಹತ್ಯೆಗೆ ಕೊಂಚ ಮುಂಚೆ, ಅವರನ್ನು ಭೇಟಿಯಾಗಿದ್ದರು. ಶವಯಾತ್ರೆಯ ಅವರ ಚಿತ್ರಗಳನ್ನು ಲೋಕವೆಲ್ಲ ನೋಡಿತು. 1950ರ ಏಪ್ರಿಲ್ 14ರಂದು ರಮಣ ಮಹರ್ಷಿಗಳು ತಿರುವಣ್ಣಾಮಲೈಯಲ್ಲಿ ದೇಹ ಬಿಟ್ಟಾಗಲೂ ಅವರು ಅಲ್ಲಿಯೇ ಇದ್ದರು.

ರಾಬರ್ಟ್ ಫ್ರಾಂಕ್ 1955-56ರಲ್ಲಿ ಕಾರಿನಲ್ಲಿ ಅಮೆರಿಕ ಸುತ್ತಿ ಲೈಕಾದಲ್ಲಿ 27,000ಕ್ಕೂ ಹೆಚ್ಚು ಚಿತ್ರ ತೆಗೆದರು. ಅವುಗಳಲ್ಲಿ 83ನ್ನು ಮಾತ್ರ 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಆರಿಸಿದರು. ಹೋಟೆಲು, ಬಸ್ಸು, ಶವಸಂಸ್ಕಾರ, ರಸ್ತೆ. ಪ್ರೇಕ್ಷಣೀಯ ಸ್ಥಳಗಳ ಹಂಗೇ ಇಲ್ಲದ ಪ್ರವಾಸ ಅದು. ಜಪಾನಿನ ಇಹೇ ಕಿಮುರಾ ಟೋಕಿಯೊದ ಗಲ್ಲಿಗಳನ್ನು ಲೈಕಾದಲ್ಲಿ ಹೀಗೆಯೇ ಕಂಡರು. 1960ರ ಮಾರ್ಚ್ 5ರಂದು ಹವಾನಾದಲ್ಲಿ ಅಲ್ಬರ್ಟೊ ಕೋರ್ಡಾ ತೆಗೆದ ಚೆ ಗೆವಾರನ ಚಿತ್ರ ಲೈಕಾ ಎಂ2ರದು, 90 ಎಂಎಂ ಲೆನ್ಸಿನಲ್ಲಿ. ಟೀಶರ್ಟುಗಳ ಮೇಲೆ ಅದನ್ನು ಕಾಣದ ಊರಿಲ್ಲ.

ಕನ್ನಡ ನಾಡಿನಲ್ಲಿ ಈ ಪರಂಪರೆಗೆ ಹತ್ತಿರದವರೆಂದರೆ ಮೈಸೂರಿನ ಟಿ.ಎಸ್. ಸತ್ಯನ್ (1923-2009). ಅವರ ಕೈಯಲ್ಲಿದ್ದ ಕ್ಯಾಮೆರಾ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಮಕ್ಕಳು, ಕೂಲಿಕಾರರು, ಸಂತೆಯ ಹೆಂಗಸರು ಎಂಬ ದಿನನಿತ್ಯದ ಬದುಕೇ ಇಡೀ ಜೀವಮಾನಕ್ಕೆ ಸಾಕಾಗುವಷ್ಟು ದೊಡ್ಡ ವಸ್ತುವೆಂದು ತೋರಿಸಿಕೊಟ್ಟವರು ಅವರು. ಈ ಬಗೆಯ ಛಾಯಾಗ್ರಹಣಕ್ಕೆ ಬರುವವರು ಅವರ ಚಿತ್ರಗಳನ್ನು ನೋಡದೆ ಮುಂದೆ ಹೋಗಬಾರದು.

ರೂಢಿಗಳು

ಈ ಕ್ಯಾಮೆರಾವನ್ನು ಬಲ್ಲವರು ಹೆಚ್ಚಿನ ಸಲ ಫೋಕಸ್ ಮಾಡುವುದೇ ಇಲ್ಲ, ಮೊದಲೇ ಮಾಡಿಟ್ಟುಕೊಂಡಿರುತ್ತಾರೆ. 35 ಎಂಎಂ ಲೆನ್ಸನ್ನು ಎಫ್/8ಕ್ಕೆ ಇಟ್ಟು 5 ಮೀಟರಿಗೆ ಹೊಂದಿಸಿದರೆ ಎರಡೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಬೆಳಕಿಗೂ ಹಳೆಯ ಲೆಕ್ಕವೊಂದಿದೆ: ನೆತ್ತಿಯ ಬಿಸಿಲಿನಲ್ಲಿ ಎಫ್/16, ಶಟರ್ ವೇಗ ಫಿಲ್ಮಿನ ಐಎಸ್‌ಒ ಅಂಕಿಗೆ ಹತ್ತಿರದ್ದು. 100ರ ಫಿಲ್ಮಿಗೆ 1/125. ಜಗಲಿಯ ನೆರಳಿಗೆ ಬಂದರೆ ಎರಡು ಮೂರು ಹಂತ ತೆರೆಯಬೇಕು. ಬೆಳಕಳತೆ ಕೆಟ್ಟ ಕ್ಯಾಮೆರಾವನ್ನೂ ಈ ಒಂದು ಸೂತ್ರ ಬದುಕಿಸುತ್ತದೆ. ಲೆನ್ಸಿನೊಳಗೇ ಎಲೆಗಳಂತೆ ಬಿಚ್ಚಿಕೊಳ್ಳುವ ಶಟರ್ ಇರುವ ಮಾದರಿಗಳು ಪಿಸುಮಾತಿನಷ್ಟೇ ಸದ್ದು ಮಾಡುತ್ತವೆ. ಫ್ಲ್ಯಾಶ್ ಅನ್ನು ಎಲ್ಲ ವೇಗಗಳಲ್ಲೂ ಬಳಸಬಹುದಾದ್ದರಿಂದ ನಡುಮಧ್ಯಾಹ್ನದ ಚಪ್ಪರದಡಿ ಕಪ್ಪಾಗುವ ಮುಖಗಳನ್ನು ಬೆಳಗಿಸಲು ಇವು ಅನುಕೂಲ.

ಸದ್ದಿಲ್ಲದ ಕ್ಯಾಮೆರಾ ಎಂದಮಾತ್ರಕ್ಕೆ ಕದ್ದು ತೆಗೆಯಲು ಪರವಾನಗಿ ಸಿಕ್ಕಂತಲ್ಲ. ಕಣ್ಣಿಗೆ ಕಣ್ಣು ಸೇರಿಸಿ, ಒಂದು ನಗೆ ಬೀರಿ, ಬೇಡವೆಂದು ಕೈಯಾಡಿಸಿದವರನ್ನು ಬಿಟ್ಟು ಮುಂದೆ ನಡೆಯುವುದು ಸರಿಯಾದ ಕ್ರಮ. ದೊಡ್ಡ ಲೆನ್ಸು ಚಾಚಿದಾಗ ಸೆಟೆದುಕೊಳ್ಳುವ ಜನ ಪುಟ್ಟ ಕ್ಯಾಮೆರಾದ ಎದುರು ತಮ್ಮ ಕೆಲಸಕ್ಕೆ ಬೇಗ ಮರಳುತ್ತಾರೆ. ಸಲಿಗೆ ಅಲ್ಲಿಂದ ಶುರುವಾಗುತ್ತದೆ.

ಪ್ರಯಾಣದಲ್ಲಿ ಫಿಲ್ಮಿನ ಶತ್ರುಗಳು ಎರಡು. ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಒಂದು. ವಿಮಾನ ನಿಲ್ದಾಣಗಳ ಹೊಸ ಸಿಟಿ ಸ್ಕ್ಯಾನರುಗಳು ಇನ್ನೊಂದು. ಅವು ತೊಳೆಯದ ಫಿಲ್ಮನ್ನು ಮಬ್ಬಾಗಿಸುತ್ತವೆ, ಆದ್ದರಿಂದ ರೀಲುಗಳನ್ನು ಪಾರದರ್ಶಕ ಚೀಲದಲ್ಲಿಟ್ಟು ಕೈಯಲ್ಲೇ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸಲು ಹಿಡಿಯುತ್ತದೆ. ಚರ್ಮದ ಕವಚದಲ್ಲಿ ಮುಚ್ಚಿಡುವುದು ಬೂಸಲಿಗೆ ಆಹ್ವಾನ ಕೊಟ್ಟಂತೆ; ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡುವುದು ವಾಸಿ. ಅದಕ್ಕಿಂತಲೂ ವಾಸಿ, ಆಗಾಗ ಹೊರತೆಗೆದು ಬಳಸುವುದು.

ಹಳೆಯದನ್ನು ಕೊಳ್ಳುವವರು ಮೊದಲು ನೋಡಬೇಕಾದ್ದು ವ್ಯೂಫೈಂಡರಿನ ನಡುಚೌಕ. ಒಳಗನ್ನಡಿಯ ಲೇಪ ಮಾಸಿದ್ದರೆ ಚೌಕ ಮಂಕಾಗಿ ಫೋಕಸ್ ಮಾಡುವುದೇ ಅಸಾಧ್ಯವಾಗುತ್ತದೆ. ಬಹುದೂರದ ಗೋಪುರವನ್ನೋ ಚಂದ್ರನನ್ನೋ ನೋಡುತ್ತ ಲೆನ್ಸನ್ನು ಕೊನೆಯವರೆಗೆ ತಿರುಗಿಸಿದಾಗ ಎರಡು ಬಿಂಬ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಡ್ಡಕ್ಕೆ ತಪ್ಪಿದ್ದರೆ ಫೋಕಸ್ ತಪ್ಪುತ್ತದೆ, ಮೇಲುಕೆಳಗಾಗಿದ್ದರೆ ಕಣ್ಣಿಗೆ ಕಿರಿಕಿರಿ. ಹಿಂಬದಿ ಬಾಗಿಲಿನ ಸ್ಪಂಜು ಅಂಟಂಟಾಗಿದ್ದರೆ ಬೆಳಕು ಸೋರುತ್ತದೆ. ಇದರ ರಿಪೇರಿಗೆ ಹೆಚ್ಚು ಖರ್ಚಿಲ್ಲ. ಆ ಕಾಲದ 1.35 ವೋಲ್ಟಿನ ಪಾದರಸದ ಬ್ಯಾಟರಿಗಳು ಈಗ ತಯಾರಾಗುವುದಿಲ್ಲ. ಬದಲಿ ಹಾಕಿದಾಗ ಬೆಳಕಳತೆ ತುಸು ತಪ್ಪು ಹೇಳಬಹುದು, ಮೊದಲ ರೀಲಿನಲ್ಲಿ ಅದನ್ನು ಪರೀಕ್ಷಿಸಿಕೊಳ್ಳಬೇಕು.

ಡಿಜಿಟಲ್ ಕಾಲ

ಡಿಜಿಟಲ್ ರೇಂಜ್‌ಫೈಂಡರುಗಳಲ್ಲಿ ಮೊದಲನೆಯದು 2004ರ ಎಪ್ಸನ್ ಆರ್-ಡಿ1. ಲೈಕಾ ಎಂ8 2006ರಲ್ಲಿ, 24×36ರ ಪೂರ್ಣ ಸಂವೇದಕದ ಎಂ9 2009ರಲ್ಲಿ ಬಂದವು. ಬೆಲೆಯಿಂದಾಗಿ ಇವು ಕೆಲವರ ಸೊತ್ತಾಗಿಯೇ ಉಳಿದಿವೆ. 2011ರ ಫ್ಯೂಜಿಫಿಲ್ಮ್ ಎಕ್ಸ್100 ಹಳೆಯ ಕ್ಯಾನನೆಟ್‌ಗಳ ರೂಪವನ್ನೂ ಪಕ್ಕದ ಕಿಟಕಿಯಿಂದ ನೋಡುವ ಸುಖವನ್ನೂ ಮರಳಿ ತಂದಿತು. ಅದರಲ್ಲಿ ದೂರಮಾಪಕ ಇಲ್ಲ, ಫೋಕಸ್ ತಾನೇ ಆಗುತ್ತದೆ. ಆದ್ದರಿಂದ ಅದನ್ನು ರೇಂಜ್‌ಫೈಂಡರ್ ಎಂದು ಕರೆಯುವುದು ತಪ್ಪು. ಫಿಲ್ಮ್ ಬಳಕೆಯೂ ಹೊಸ ಪೀಳಿಗೆಯಲ್ಲಿ ಮತ್ತೆ ಕಂಡುಬರುತ್ತಿದೆ. 1984ರ ಲೈಕಾ ಎಂ6 ಅನ್ನು ಕಂಪನಿ 2022ರಲ್ಲಿ ಮರಳಿ ತಯಾರಿಸತೊಡಗಿತು.

ಅಟ್ಟದಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ಇಂಥ ಕ್ಯಾಮೆರಾವೊಂದು ಸಿಕ್ಕರೆ ದಯವಿಟ್ಟು ಅದರ ಹಿಂಬದಿ ಬಾಗಿಲನ್ನು ತಟ್ಟನೆ ತೆರೆಯಬೇಡಿ. ಎಡಗಡೆಯ ರೀವೈಂಡ್ ತಿರುಗುಣಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ನೋಡಿ. ಬಿಗಿ ಹತ್ತಿದರೆ ಒಳಗೆ ರೀಲು ಇದೆ ಎಂದರ್ಥ. ಕೆಳಭಾಗದ ಪುಟ್ಟ ಗುಂಡಿ ಒತ್ತಿ, ಬಿಗಿ ಸಡಿಲುವವರೆಗೆ ರೀಲನ್ನು ಪೂರ್ತಿ ಸುತ್ತಿ, ಕತ್ತಲೆಯಲ್ಲಿ ಹೊರತೆಗೆದು, ಕಪ್ಪುಬಿಳುಪು ತೊಳೆಯಬಲ್ಲವರಿಗೆ ಕೊಡಿ. ದಶಕಗಳ ಹಿಂದೆ ಬಿದ್ದ ಬೆಳಕು ಎಷ್ಟೋ ಸಲ ಆ ಫಿಲ್ಮಿನಲ್ಲಿ ಇನ್ನೂ ಉಳಿದಿರುತ್ತದೆ.